ಗಂಟಲಲ್ಲಿ ಟ್ಯೂಬ್ ಇರುವವರಿಗೆ ನಮ್ಮ ಮಾತು ಕೇಳಿಸುತ್ತದೆಯೇ? ಅನುಭವ ಇದ್ದವರು ಹೇಳಿ

ಕುವೆಂಪುನಗರ ನಿವಾಸಿ
ನಮ್ಮ ದೊಡ್ಡಮ್ಮ ನ್ಯುಮೋನಿಯಾ ಆಗಿ ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದಾರೆ. ಸೋಮವಾರ ರಾತ್ರಿ ಮಾಸ್ಕ್‌ನಲ್ಲಿ ಕೊಡುತ್ತಿದ್ದ ಆಮ್ಲಜನಕ ಸಾಲದೆ, ಬಾಯಿಯ ಮೂಲಕ ಟ್ಯೂಬ್ ಹಾಕಿ ವೆಂಟಿಲೇಟರ್‌ಗೆ ಜೋಡಿಸಿದರು. ಬಾಗಿಲ ಬಳಿ ನಿಂತೇ ಸಹಿ ಹಾಕಿದೆವು. ಏನು ಮಾಡುತ್ತಾರೆ, ಅವರಿಗೆ ಎಷ್ಟು ನೋವಾಗುತ್ತದೆ ಎಂದು ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ.

ನಿನ್ನೆ ಸಂಜೆ ಒಳಗೆ ಬಿಟ್ಟಾಗ ನೋಡಿದರೆ ಎರಡೂ ಕೈಗಳನ್ನು ಮಂಚದ ಸರಳಿಗೆ ಬಟ್ಟೆಯಿಂದ ಕಟ್ಟಿದ್ದರು. "ದೊಡ್ಡಮ್ಮ" ಎಂದು ಕರೆದೆ. ಕಣ್ಣಂಚಿನಿಂದ ನೀರು ಇಳಿಯಿತು. ಅಲ್ಲಿದ್ದ ಸಿಬ್ಬಂದಿ "ಅದು ತಾನಾಗಿ ಬರುತ್ತದೆ, ಅವರಿಗೆ ಏನೂ ಗೊತ್ತಾಗುವುದಿಲ್ಲ" ಎಂದರು. ನನಗೆ ನಂಬಿಕೆ ಬರುತ್ತಿಲ್ಲ. ಸ್ವತಃ ಟ್ಯೂಬ್ ಹಾಕಿಸಿಕೊಂಡು ಬದುಕಿ ಬಂದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಅವರಿಗೆ ಏನು ಗೊತ್ತಾಗುತ್ತಿದೆ? ನಾವು ಏನು ಮಾಡಬಹುದು?

ಕಬ್ಬಿನಗದ್ದೆ, ಮಳವಳ್ಳಿ
ಕೇಳಿಸುತ್ತದೆ. ಮಾತನಾಡಿಸಿ. ಉಳಿದದ್ದನ್ನು ಸಂಜೆ ಬರೆಯುತ್ತೇನೆ.

ನಂಜನಗೂಡು ರಸ್ತೆ
ನನಗೆ ಪಿತ್ತಕೋಶದ ಶಸ್ತ್ರಚಿಕಿತ್ಸೆಯಲ್ಲಿ ಟ್ಯೂಬ್ ಹಾಕಿದ್ದರು. ಮುಖಕ್ಕೆ ಮಾಸ್ಕ್ ಹಿಡಿದು ದೀರ್ಘವಾಗಿ ಉಸಿರಾಡಿ ಎಂದರು, ಕೈಯ ನರಕ್ಕೆ ಚುಚ್ಚಿದ್ದು ಸ್ವಲ್ಪ ಉರಿಯಿತು, ಅಷ್ಟೇ. ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು. ಎರಡು ದಿನ ಗಂಟಲು ಕೆರೆತ, ಧ್ವನಿ ಸ್ವಲ್ಪ ಒಡಕು. ಹೆದರುವಂಥದ್ದು ಏನೂ ಇಲ್ಲ. ನಿಮ್ಮ ದೊಡ್ಡಮ್ಮನಿಗೂ ಏನೂ ಗೊತ್ತಾಗುತ್ತಿರುವುದಿಲ್ಲ.

ಅರಿವಳಿಕೆ ವೈದ್ಯೆ
ನಂಜನಗೂಡು ರಸ್ತೆಯವರೇ, ನಿಮ್ಮ ಅನುಭವ ನಿಜ, ಆದರೆ ಅದನ್ನು ಐಸಿಯುಗೆ ಅನ್ವಯಿಸಬೇಡಿ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ: ಟ್ಯೂಬ್ ಹಾಕುವ ಗಳಿಗೆ, ಟ್ಯೂಬ್ ಇಟ್ಟುಕೊಂಡು ಬದುಕುವ ದಿನಗಳು.

ಹಾಕುವ ಮೊದಲು ಮೂರು ನಿಮಿಷದಷ್ಟು ಹೊತ್ತು ಶುದ್ಧ ಆಮ್ಲಜನಕ ಕೊಡುತ್ತೇವೆ. ನಂತರ ನಿದ್ದೆಯ ಔಷಧ: ಪ್ರೊಪೊಫಾಲ್, ಕೆಟಮಿನ್, ಎಟೋಮಿಡೇಟ್, ಇವುಗಳಲ್ಲಿ ಒಂದು. ಅದರ ಬೆನ್ನಿಗೇ ಸ್ನಾಯುಗಳನ್ನು ಸಡಿಲಿಸುವ ಔಷಧ. ಸುಮಾರು ಒಂದು ನಿಮಿಷದಲ್ಲಿ ದವಡೆ ಸಡಿಲವಾಗುತ್ತದೆ. ಲ್ಯಾರಿಂಗೋಸ್ಕೋಪ್ ಎಂಬ ದೀಪವಿರುವ ಉಪಕರಣದಿಂದ ನಾಲಿಗೆಯನ್ನು ಎತ್ತಿ, ಧ್ವನಿತಂತುಗಳನ್ನು ಕಣ್ಣಾರೆ ನೋಡಿ, ಅವುಗಳ ನಡುವಿನಿಂದ ಟ್ಯೂಬನ್ನು ಶ್ವಾಸನಾಳಕ್ಕೆ ಇಳಿಸುತ್ತೇವೆ. ವಯಸ್ಕರಿಗೆ ಒಳವ್ಯಾಸ 7ರಿಂದ 8 ಮಿಲಿಮೀಟರ್. ಹೆಂಗಸರಿಗೆ ಹಲ್ಲಿನ ಬಳಿ ಸುಮಾರು 21 ಸೆಂಟಿಮೀಟರ್ ಗುರುತು ಬರುವಷ್ಟು ಒಳಗೆ. ತುದಿಯ ಬಳಿ ಒಂದು ಪುಟ್ಟ ಬಲೂನು ಉಬ್ಬಿ ಸುತ್ತಲಿನ ಜಾಗವನ್ನು ಮುಚ್ಚುತ್ತದೆ. ಹೊರಬರುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಕಂಡರೆ ಟ್ಯೂಬ್ ಸರಿಯಾದ ಕಡೆ ಇದೆ ಎಂದು ಅರ್ಥ. ಈ ಭಾಗ ಬಹುತೇಕ ರೋಗಿಗಳಿಗೆ ನೆನಪಿರುವುದಿಲ್ಲ. ರಕ್ತದೊತ್ತಡ ತೀರ ಕುಸಿದವರಿಗೆ ಮಾತ್ರ ಔಷಧದ ಪ್ರಮಾಣ ಕಡಿಮೆ ಮಾಡಬೇಕಾಗುತ್ತದೆ, ಅಂಥವರಲ್ಲಿ ಕೆಲವರಿಗೆ ತುಣುಕು ತುಣುಕಾಗಿ ನೆನಪು ಉಳಿಯಬಹುದು.

ಆಮೇಲಿನ ದಿನಗಳ ಕಥೆ ಬೇರೆ. ಐಸಿಯುನಲ್ಲಿ ಈಗ ರೋಗಿಯನ್ನು ಪೂರ್ತಿ ಮಲಗಿಸಿ ಇಡುವುದು ಕಡಿಮೆ. ಕರೆದರೆ ಕಣ್ಣು ತೆರೆಯುವಷ್ಟು ಮಂಪರಿನಲ್ಲಿ ಇಡುವುದೇ ಗುರಿ. ಅಂದರೆ ಮಾತು ಕೇಳಿಸುತ್ತದೆ, ಸ್ಪರ್ಶ ತಿಳಿಯುತ್ತದೆ, ಭಯವೂ ಆಗುತ್ತದೆ. "ಏನೂ ಗೊತ್ತಾಗುವುದಿಲ್ಲ" ಎಂದು ಹಾಸಿಗೆಯ ಪಕ್ಕದಲ್ಲೇ ನಿಂತು ಹೇಳಿದ್ದು ತಪ್ಪು.

ಒಂಟಿಕೊಪ್ಪಲು
ಕೇಳಿಸಿದರೆ ಇನ್ನೂ ಕಷ್ಟವಲ್ಲವೇ ಡಾಕ್ಟರೇ? ನಮ್ಮ ಅಪ್ಪನಿಗೆ ಹೀಗಾದಾಗ "ಪೂರ್ತಿ ನಿದ್ದೆ ಮಾಡಿಸಿ, ಏನೂ ತಿಳಿಯಬಾರದು" ಎಂದು ನಾನೇ ಕೇಳಿಕೊಂಡೆ. ಎಚ್ಚರ ಇಟ್ಟು ನರಳಿಸುವುದು ಯಾವ ನ್ಯಾಯ?

ಅರಿವಳಿಕೆ ವೈದ್ಯೆ
ಮಕ್ಕಳಾಗಿ ಹಾಗೆ ಕೇಳುವುದು ಸಹಜ. ಆದರೆ ಆಳವಾದ ನಿದ್ದೆಗೆ ತೆರಬೇಕಾದ ಬೆಲೆ ಇದೆ. ಉಸಿರಾಟದ ಸ್ನಾಯುಗಳು ಕೆಲಸವಿಲ್ಲದೆ ಸೊರಗುತ್ತವೆ, ರಕ್ತದೊತ್ತಡ ಇಳಿಯುತ್ತದೆ, ಕೈಕಾಲಿನ ಶಕ್ತಿ ಹೋಗುತ್ತದೆ, ಟ್ಯೂಬ್ ತೆಗೆಯುವುದು ತಡವಾಗುತ್ತದೆ. ತಡವಾದಷ್ಟೂ ಶ್ವಾಸಕೋಶಕ್ಕೆ ಹೊಸ ಸೋಂಕಿನ ಅಪಾಯ. ದಿನಕ್ಕೊಮ್ಮೆ ಮಂಪರು ಔಷಧವನ್ನು ನಿಲ್ಲಿಸಿ ಎಚ್ಚರಿಸಿದ ರೋಗಿಗಳು ವೆಂಟಿಲೇಟರ್‌ನಿಂದ ಸುಮಾರು ಎರಡು ದಿನ ಬೇಗ ಹೊರಬಂದರೆಂದು ಶಿಕಾಗೋದ ವೈದ್ಯರು 2000ನೇ ಇಸವಿಯಲ್ಲೇ ಪ್ರಕಟಿಸಿದರು. ಆಳವಾದ ಮಂಪರು ಕೆಟ್ಟ ಕನಸುಗಳನ್ನೂ ತರುತ್ತದೆ. ಅರೆಬರೆ ಎಚ್ಚರದಲ್ಲಿ ಕಂಡದ್ದಕ್ಕೆ ಮನಸ್ಸು ತನ್ನದೇ ಕಥೆ ಕಟ್ಟುತ್ತದೆ. ಯಾರೋ ಕೊಲ್ಲಲು ಬಂದಿದ್ದಾರೆ, ನೆಲಮಾಳಿಗೆಯಲ್ಲಿ ಕೂಡಿಹಾಕಿದ್ದಾರೆ ಎಂದೆಲ್ಲ ರೋಗಿಗಳು ಆಮೇಲೆ ಹೇಳುತ್ತಾರೆ.

ಮೊದಲು ನೋವು ಕಳೆಯಬೇಕು, ಆಮೇಲೆ ಎಷ್ಟು ಬೇಕೋ ಅಷ್ಟೇ ಮಂಪರು. ನರಳಿಸಿ ಎಂದು ಯಾರೂ ಹೇಳುತ್ತಿಲ್ಲ.

ವಿಜಯನಗರ ಎರಡನೇ ಹಂತ
ಕೈ ಕಟ್ಟಿದ್ದನ್ನು ಯಾರೂ ಪ್ರಶ್ನಿಸುತ್ತಿಲ್ಲವಲ್ಲ! ಉಸಿರಿಗಾಗಿ ಹೋರಾಡುತ್ತಿರುವ ಮುದುಕಿಯ ಕೈಯನ್ನು ಕಟ್ಟಿಹಾಕುವುದು ಚಿಕಿತ್ಸೆಯೇ?

ಐಸಿಯು ಶುಶ್ರೂಷಕಿ
ನಾನು ಮೈಸೂರಿನಲ್ಲೇ ಐಸಿಯುನಲ್ಲಿ ಕೆಲಸ ಮಾಡುವವಳು. ಕೈ ಕಟ್ಟುವುದು ನಮಗೂ ಸಂತೋಷದ ಕೆಲಸವಲ್ಲ. ಅರೆ ಎಚ್ಚರದಲ್ಲಿ ಯಾರ ಕೈಯಾದರೂ ಮೊದಲು ಹೋಗುವುದು ಬಾಯಿಯ ಕಡೆಗೇ. ಬಲೂನು ಉಬ್ಬಿರುವಾಗಲೇ ಟ್ಯೂಬನ್ನು ಎಳೆದುಕೊಂಡರೆ ಧ್ವನಿತಂತುಗಳಿಗೆ ಪೆಟ್ಟಾಗುತ್ತದೆ, ಉಸಿರು ನಿಲ್ಲಬಹುದು, ಮತ್ತೆ ಟ್ಯೂಬ್ ಹಾಕುವಾಗ ಗಂಟಲು ಊದಿರುತ್ತದೆ.

ಆದರೆ ವಿಜಯನಗರದವರ ಸಿಟ್ಟಿನಲ್ಲಿ ನ್ಯಾಯವಿದೆ. ಯಾಕೆ ಕಟ್ಟಿದ್ದೇವೆ ಎಂದು ರೋಗಿಗೂ ಮನೆಯವರಿಗೂ ಹೇಳಬೇಕು. ಆಗಾಗ ಬಿಚ್ಚಿ ಚರ್ಮ ನೋಡಬೇಕು. ಮನೆಯವರು ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಳ್ಳುವುದಾದರೆ ಅಷ್ಟು ಹೊತ್ತು ಬಿಚ್ಚಬಹುದು. ಬೆರಳುಗಳನ್ನು ಮುಚ್ಚುವ ದಪ್ಪ ಕೈಗವಸು ಹಾಕಿದರೆ ಕೆಲವರಿಗೆ ಕಟ್ಟುವ ಅಗತ್ಯವೇ ಬರುವುದಿಲ್ಲ. ನೀವು ಕೇಳಿ. ಜಗಳದ ದನಿಯಲ್ಲಿ ಬೇಡ, ಆದರೆ ಬಿಡದೆ ಕೇಳಿ.

ಕುವೆಂಪುನಗರ ನಿವಾಸಿ
ಕೈ ಹಿಡಿದುಕೊಳ್ಳುತ್ತೇನೆ ಎಂದು ಹೇಳಬಹುದು ಎನ್ನುವುದೇ ನನಗೆ ತಿಳಿದಿರಲಿಲ್ಲ. ಇವತ್ತೇ ಕೇಳುತ್ತೇನೆ.

ಕಬ್ಬಿನಗದ್ದೆ, ಮಳವಳ್ಳಿ
ಈಗ ಬಿಡುವಾಯಿತು, ಬರೆಯುತ್ತೇನೆ.

ನನಗೆ ಟ್ಯೂಬ್ ಹಾಕಿದ್ದು ನಾಗರಹಾವು ಕಡಿದಾಗ. ನಮ್ಮ ಕಡೆ ಕರೆಂಟು ರಾತ್ರಿ ಬಂದರೆ ರಾತ್ರಿಯೇ ನೀರು ಕಟ್ಟಬೇಕು. ಬದುವಿನ ಮೇಲೆ ನಡೆಯುವಾಗ ಹಿಮ್ಮಡಿಯ ಮೇಲ್ಗಡೆ ಕಡಿಯಿತು. ತಮ್ಮ ಬೈಕಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಓಡಿಸಿದ. ವಿಷನಿರೋಧಕ ಔಷಧ ಹನಿಸಲು ಶುರು ಮಾಡುವಷ್ಟರಲ್ಲಿ ರೆಪ್ಪೆಗಳು ಭಾರವಾದವು. ಒಬ್ಬ ಮನುಷ್ಯ ಇಬ್ಬರಾಗಿ ಕಂಡ. ಉಗುಳು ನುಂಗಲಾಗಲಿಲ್ಲ, ಮಾತು ಮೂಗಿನಿಂದ ಬಂತು, ಕತ್ತು ನಿಲ್ಲಲಿಲ್ಲ. 108ರಲ್ಲಿ ಮಂಡ್ಯಕ್ಕೆ ಸಾಗಿಸಿದರು. ಉಸಿರು ಎಳೆಯಬೇಕೆಂದು ಮನಸ್ಸು ಹೇಳುತ್ತದೆ, ಎದೆ ಏಳುವುದಿಲ್ಲ. ಅದಕ್ಕಿಂತ ದೊಡ್ಡ ಭಯವನ್ನು ನಾನು ಕಂಡಿಲ್ಲ. ಟ್ಯೂಬ್ ಒಳಗೆ ಹೋದದ್ದು ಗೊತ್ತಾಗಲಿಲ್ಲ, ಔಷಧ ಕೊಟ್ಟಿದ್ದರು.

ಎಚ್ಚರವಾದಾಗ ಕತ್ತಲು. ರೆಪ್ಪೆ ಎತ್ತಲಾಗದೆ ಇದ್ದದ್ದರಿಂದ ಕತ್ತಲು, ಆದರೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಯಂತ್ರದ ಸದ್ದು, ಟ್ರಾಲಿಯ ಚಕ್ರ, ಪಕ್ಕದ ಹಾಸಿಗೆಯವರ ನರಳಾಟ. ಗಂಟಲಲ್ಲಿ ಟ್ಯೂಬ್ ಇರುವುದು ಹೇಗಿತ್ತೆಂದರೆ, ಬಿಸಿ ಮುದ್ದೆಯ ತುತ್ತು ಅರ್ಧದಲ್ಲಿ ಸಿಕ್ಕಿ ಇಳಿಯದೆ ನಿಂತ ಹಾಗೆ, ಅದೂ ಹಗಲು ರಾತ್ರಿ. ಯಂತ್ರ ತಳ್ಳುವ ಉಸಿರಿಗೆ ನಾವು ಹೊಂದಿಕೊಂಡರೆ ಸುಲಭ, ಎದುರು ಉಸಿರಾಡಲು ಹೋದರೆ ಎದೆ ಬಿಗಿಯುತ್ತದೆ, ಅಲಾರಂ ಬಡಿದುಕೊಳ್ಳುತ್ತದೆ. ಬಾಯಾರಿಕೆ ಮಾತ್ರ ಹೇಳತೀರದು. ಮೂಗಿನಲ್ಲಿ ರೈಲ್ಸ್ ಟ್ಯೂಬ್ ಹಾಕಿ ಹೊಟ್ಟೆಗೆ ಗಂಜಿ, ನೀರು ಕೊಡುತ್ತಿದ್ದರು, ಆದರೆ ನಾಲಿಗೆಗೆ ಅದು ತಲುಪುವುದಿಲ್ಲವಲ್ಲ.

ನಮ್ಮ ನೆಂಟರೊಬ್ಬರು ನನ್ನ ಕಾಲ ಬಳಿ ನಿಂತು, "ಇವನದು ಮುಗಿಯಿತು, ಊರಿಗೆ ಹೇಳಿ ಕಳಿಸಿ" ಎಂದರು. ಜಮೀನಿನ ಮಾತೂ ತೆಗೆದರು. ನಾನು ಬೆರಳು ಅಲ್ಲಾಡಿಸಲು ನೋಡಿದೆ, ಆಗಲಿಲ್ಲ. ಬದುಕಿದ್ದೇನೆ ಎಂದು ಕೂಗಿಕೊಳ್ಳಬೇಕು, ಧ್ವನಿ ಇಲ್ಲ. ಆ ಮಾತು ಇವತ್ತಿಗೂ ಮರೆಯುವುದಿಲ್ಲ.

ಒಬ್ಬ ನರ್ಸ್ ಇದ್ದರು. ಮುಟ್ಟುವ ಮೊದಲು ಹೇಳುತ್ತಿದ್ದರು: "ಅಣ್ಣ, ಈಗ ಕಫ ತೆಗೆಯುತ್ತೇನೆ, ಕೆಮ್ಮು ಬರುತ್ತದೆ, ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ." ಸಕ್ಷನ್ ಹಾಕಿದಾಗ ಇದ್ದ ಉಸಿರನ್ನೂ ಎಳೆದುಕೊಂಡಂತೆ ಆಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಆದರೆ ಆಯಮ್ಮ ಹೇಳಿ ಮಾಡಿದಾಗ ಭಯ ಆಗುತ್ತಿರಲಿಲ್ಲ. ಹೇಳದೆ ಮಾಡುವವರು ಬಂದಾಗ ಸತ್ತೇ ಹೋಗುತ್ತೇನೆ ಅನ್ನಿಸುತ್ತಿತ್ತು. ಇವತ್ತು ಯಾವ ದಿನ, ಬೆಳಗೋ ಸಂಜೆಯೋ, ಕಬ್ಬಿಗೆ ನೀರು ಯಾರು ಕಟ್ಟುತ್ತಿದ್ದಾರೆ, ಇದನ್ನೆಲ್ಲ ತಮ್ಮ ಬಂದು ಕಿವಿಯಲ್ಲಿ ಹೇಳುತ್ತಿದ್ದ. ಅದನ್ನೇ ಹಿಡಿದುಕೊಂಡು ಮಲಗಿದ್ದೆ.

ಅಕ್ಕ, ನಿಮ್ಮ ದೊಡ್ಡಮ್ಮನಿಗೆ ದಿನ ಹೇಳಿ, ಹೊತ್ತು ಹೇಳಿ, ಮನೆ ಸುದ್ದಿ ಹೇಳಿ.

ಶ್ರೀರಂಗಪಟ್ಟಣ
ಓದುತ್ತ ಕೈ ನಡುಗಿತು. ಹಾವು ಕಡಿದವರು ಸತ್ತಂತೆ ಮಲಗಿದ್ದರೂ ಒಳಗೆ ಎಚ್ಚರ ಇರುತ್ತದೆಯೇ?

ಅರಿವಳಿಕೆ ವೈದ್ಯೆ
ಇರುತ್ತದೆ. ನಾಗರಹಾವು ಮತ್ತು ಕಟ್ಟುಹಾವಿನ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ, ಮಿದುಳನ್ನಲ್ಲ. ಕಟ್ಟುಹಾವಿನ ವಿಷದಲ್ಲಿ ಕಣ್ಣಿನ ಪಾಪೆ ಕೂಡ ಬೆಳಕಿಗೆ ಸ್ಪಂದಿಸದೆ ಹಿಗ್ಗಿ ನಿಲ್ಲಬಹುದು. ನೋಡಿದವರು ಮಿದುಳೇ ಹೋಗಿದೆ ಎಂದುಕೊಳ್ಳುವ ಅಪಾಯವಿದೆ. ಅಂಥ ರೋಗಿಗಳು ಕೆಲವು ದಿನ ವೆಂಟಿಲೇಟರ್‌ನಲ್ಲಿದ್ದು ನಡೆದುಕೊಂಡು ಮನೆಗೆ ಹೋಗುತ್ತಾರೆ. ಅವರಿಗೆ ಮಂಪರು ಕೊಡಲೇಬೇಕು, ಪಕ್ಕದಲ್ಲಿ ಆಡುವ ಮಾತಿನ ಮೇಲೆ ಹಿಡಿತವೂ ಇರಲೇಬೇಕು.

ಪಾಂಡವಪುರ
ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕೆಂದು 2024ರಲ್ಲಿ ಕರ್ನಾಟಕ ಆದೇಶ ಮಾಡಿದೆ. ಆದರೂ ನಮ್ಮ ಊರುಗಳಲ್ಲಿ ಮೊದಲು ಮಂತ್ರ ಹಾಕಿಸಲು ಹೋಗುವುದು ನಿಂತಿಲ್ಲ. ಕಟ್ಟುಹಾವು ಕಡಿದರೆ ನೋವೂ ಇರುವುದಿಲ್ಲ, ಊತವೂ ಇರುವುದಿಲ್ಲ. ನೆಲದ ಮೇಲೆ ಮಲಗಿದವರು ಬೆಳಗಿನ ಜಾವ ಹೊಟ್ಟೆನೋವು ಎಂದು ಎದ್ದು, ರೆಪ್ಪೆ ಜೋತುಬಿದ್ದರೆ ನೇರ ಆಸ್ಪತ್ರೆಗೆ. ವಿಷಯಾಂತರವಾದರೂ ಹೇಳದೆ ಇರಲಾಗಲಿಲ್ಲ.

ಬಿಲ್ ಕಟ್ಟಿದವನು
ಎಲ್ಲರೂ ಒಳ್ಳೆಯ ಮಾತೇ ಆಡುತ್ತಿದ್ದೀರಿ. ವೆಂಟಿಲೇಟರ್ ಎಂದರೆ ದುಡ್ಡು ಮಾಡುವ ದಾರಿ. ಸತ್ತವರನ್ನೂ ಅದರಲ್ಲಿ ಇಟ್ಟು ಮೂರು ದಿನ ಬಿಲ್ ಏರಿಸುತ್ತಾರೆ. ನಮ್ಮ ಮಾವನ ವಿಷಯದಲ್ಲಿ ಹಾಗೇ ಆಯಿತೆಂದು ನಮ್ಮ ಮನೆಯವರೆಲ್ಲ ನಂಬಿದ್ದೇವೆ.

ಐಸಿಯು ಶುಶ್ರೂಷಕಿ
ನಿಮ್ಮ ನೋವು ಅರ್ಥವಾಗುತ್ತದೆ. ಆದರೆ ಸತ್ತವರ ಎದೆಗೆ ಗಾಳಿ ತಳ್ಳಬಹುದೇ ಹೊರತು ಹೃದಯವನ್ನು ಬಡಿಸಲು ವೆಂಟಿಲೇಟರ್‌ಗೆ ಆಗುವುದಿಲ್ಲ. ರಕ್ತ ಹರಿಯದ ದೇಹ ಕೆಲವೇ ಗಂಟೆಗಳಲ್ಲಿ ತಣ್ಣಗಾಗಿ ಸೆಟೆಯುತ್ತದೆ, ಅದನ್ನು ಮೂರು ದಿನ ಮುಚ್ಚಿಡಲು ಯಾರಿಂದಲೂ ಸಾಧ್ಯವಿಲ್ಲ.

ಬಿಲ್ ಕಟ್ಟಿದವನು
ಹಾಗಾದರೆ ಒಳಗೆ ಏನು ನಡೆಯುತ್ತಿದೆ ಎಂದು ನಮಗೆ ಯಾರೂ ಯಾಕೆ ಹೇಳಲಿಲ್ಲ? ದಿನಕ್ಕೆ ಐದು ನಿಮಿಷ ಗಾಜಿನ ಆಚೆಯಿಂದ ತೋರಿಸಿ ಕಳಿಸಿದರು. "ಸೀರಿಯಸ್" ಎನ್ನುವುದು ಬಿಟ್ಟರೆ ಬೇರೆ ಮಾತಿಲ್ಲ. ಆಮೇಲೆ ಬಿಲ್ ಕೈಗಿಟ್ಟರು.

ಅರಿವಳಿಕೆ ವೈದ್ಯೆ
ಇದಕ್ಕೆ ನನ್ನ ಬಳಿ ಸಮರ್ಥನೆ ಇಲ್ಲ. ಹೇಳದೆ ಇದ್ದದ್ದೇ ಅನುಮಾನಕ್ಕೆ ಕಾರಣ. ಮನೆಯವರು ದಿನವೂ ಕೇಳಬೇಕಾದ ಮಾತುಗಳಿವೆ: ನಿನ್ನೆಗಿಂತ ಆಮ್ಲಜನಕ ಎಷ್ಟು ಕಡಿಮೆ ಬೇಕಾಗುತ್ತಿದೆ? ಯಾವ ಮಂಪರು ಔಷಧ ನಡೆಯುತ್ತಿದೆ? ಇವತ್ತು ಎಚ್ಚರಿಸಿ ನೋಡಿದಿರಾ? ಸ್ವಂತ ಉಸಿರಾಟದ ಪರೀಕ್ಷೆ ಯಾವಾಗ? ಉತ್ತರ ಕೊಡುವುದು ನಮ್ಮ ಕರ್ತವ್ಯ.

ನಿವೃತ್ತ ಜೀವಶಾಸ್ತ್ರ ಮೇಷ್ಟ್ರು
ಈ ಟ್ಯೂಬಿನ ಚರಿತ್ರೆಯೇ ಎಚ್ಚರವಿರುವ ರೋಗಿಯಿಂದ ಶುರುವಾಗುತ್ತದೆ. 1878ರಲ್ಲಿ ಗ್ಲಾಸ್ಗೋದ ಶಸ್ತ್ರವೈದ್ಯ ವಿಲಿಯಂ ಮ್ಯಾಕ್‌ಯುವನ್ ನಾಲಿಗೆಯ ಬುಡದಲ್ಲಿ ಗೆಡ್ಡೆ ಇದ್ದವನೊಬ್ಬನಿಗೆ, ಬೆರಳಿನಿಂದ ದಾರಿ ಹುಡುಕಿ, ಎಚ್ಚರವಿರುವಾಗಲೇ ಬಾಯಿಯಿಂದ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಆಮೇಲೆ ಕ್ಲೋರೋಫಾರ್ಮ್ ಕೊಟ್ಟರು. ಐಸಿಯು ಎಂಬುದರ ಬೀಜ ಇರುವುದು 1952ರ ಕೋಪನ್‌ಹೇಗನ್‌ನಲ್ಲಿ. ಪೋಲಿಯೊ ಹಾವಳಿಯಲ್ಲಿ ಉಸಿರಾಟ ನಿಂತ ಮಕ್ಕಳಿಗೆ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಕತ್ತಿನಲ್ಲಿ ರಂಧ್ರ ಮಾಡಿ ಕೊಳವೆ ಹಾಕಿಸಿದರು. ಯಂತ್ರಗಳು ಸಾಲದೆ, ಸುಮಾರು 1,500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯಲ್ಲಿ ಕುಳಿತು ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಉಸಿರು ಕೊಟ್ಟರು. ಒಬ್ಬ ರೋಗಿಯ ಪಕ್ಕ ಒಬ್ಬ ಮನುಷ್ಯ, ಹಗಲೂ ಇರುಳೂ. ಯಂತ್ರ ಬಂದ ಮೇಲೆ ಆ ಮನುಷ್ಯನ ಜಾಗ ಖಾಲಿಯಾಗಿದೆ, ಅದನ್ನು ಮನೆಯವರಾದರೂ ತುಂಬಲಿ.

ವಿಜಯನಗರ ಎರಡನೇ ಹಂತ
ಈಗಲೂ ಎಚ್ಚರವಿರುವಾಗ ಹಾಕುವುದುಂಟೇ ಮೇಷ್ಟ್ರೇ?

ಅರಿವಳಿಕೆ ವೈದ್ಯೆ
ನಾನು ಹೇಳುತ್ತೇನೆ. ಉಂಟು, ಮತ್ತು ನಮ್ಮ ಕಡೆ ಅದಕ್ಕೆ ದೊಡ್ಡ ಕಾರಣ ಅಡಿಕೆ ಮತ್ತು ಗುಟ್ಕಾ. ವರ್ಷಗಟ್ಟಲೆ ಜಗಿದವರಿಗೆ ಕೆನ್ನೆಯ ಒಳಪದರ ಗಟ್ಟಿಯಾಗಿ ಬಾಯಿ ತೆರೆಯುವುದೇ ಇಲ್ಲ. ಎರಡು ಬೆರಳೂ ಹಿಡಿಯದ ಬಾಯಿಗೆ ಲ್ಯಾರಿಂಗೋಸ್ಕೋಪ್ ಹೇಗೆ ಹೋಗಬೇಕು? ಅಂಥವರನ್ನು ನಿದ್ದೆ ಮಾಡಿಸಿದರೆ ಉಸಿರಿನ ದಾರಿಯೇ ಕೈತಪ್ಪಬಹುದು. ಮೂಗಿಗೂ ಗಂಟಲಿಗೂ ಲಿಗ್ನೋಕೇನ್ ಸಿಂಪಡಿಸಿ ಮರಗಟ್ಟಿಸಿ, ತೆಳುವಾದ ಕ್ಯಾಮೆರಾ ಕೊಳವೆಯ ಮೇಲೆ ಟ್ಯೂಬನ್ನು ಮೂಗಿನಿಂದ ಇಳಿಸುತ್ತೇವೆ. ನೋವಿಗಿಂತ ಕೆಮ್ಮು, ಉಸಿರುಗಟ್ಟುವ ಭಾವನೆ ಹೆಚ್ಚು. ಮೊದಲೇ ಬಿಡಿಸಿ ಹೇಳಿದರೆ ರೋಗಿಗಳು ಅದ್ಭುತವಾಗಿ ಸಹಕರಿಸುತ್ತಾರೆ. ಶಸ್ತ್ರಚಿಕಿತ್ಸೆಗೆ ಮುಂಚೆ "ಬಾಯಿ ತೆರೆಯಿರಿ, ನಾಲಿಗೆ ಚಾಚಿ" ಎಂದು ನಾವು ಕೇಳುವುದು ಇದಕ್ಕೇ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಇದ್ದರೆ ಮುಚ್ಚಿಡಬೇಡಿ.

ಹುಣಸೂರು ರಸ್ತೆ
ಶಸ್ತ್ರಚಿಕಿತ್ಸೆಯ ನಡುವೆ ಎಚ್ಚರವಾಗಿಬಿಟ್ಟರೆ ಎಂಬ ಭಯಕ್ಕೇ ನಮ್ಮ ಅಮ್ಮ ಹರ್ನಿಯಾ ಆಪರೇಷನ್ ಮುಂದೂಡುತ್ತಿದ್ದಾರೆ.

ಅರಿವಳಿಕೆ ವೈದ್ಯೆ
ಹಾಗೆ ಆಗುವುದು ತೀರ ಅಪರೂಪ ಎಂದು ಅಮ್ಮನಿಗೆ ಹೇಳಿ. ಬ್ರಿಟನ್ ಮತ್ತು ಐರ್ಲೆಂಡ್‌ನ ಆಸ್ಪತ್ರೆಗಳಿಂದ ಸಂಗ್ರಹಿಸಿ 2014ರಲ್ಲಿ ಪ್ರಕಟಿಸಿದ ದೊಡ್ಡ ಸಮೀಕ್ಷೆಯಲ್ಲಿ, ಸುಮಾರು 19,000 ಅರಿವಳಿಕೆಗಳಿಗೆ ಒಬ್ಬ ರೋಗಿ ಅಂಥ ನೆನಪನ್ನು ವರದಿ ಮಾಡಿದ್ದರು.

ಕುವೆಂಪುನಗರ ನಿವಾಸಿ
ಇವತ್ತು ಹೋಗಿ ಬಂದೆ. ಕೈ ಬಿಚ್ಚಲು ಒಪ್ಪಿದರು, ಅರ್ಧ ಗಂಟೆ ಹಿಡಿದು ಕುಳಿತಿದ್ದೆ. ದೊಡ್ಡಮ್ಮ ಏನೋ ಹೇಳಲು ತುಟಿ ಅಲ್ಲಾಡಿಸಿದರು, ಅರ್ಥವಾಗಲಿಲ್ಲ. ಒಂದು ಚಾರ್ಟ್ ತಂದು ತೋರಿಸಿದರು, ಅದು ಇಂಗ್ಲಿಷಿನಲ್ಲಿತ್ತು! ಅವರಿಗೆ ಕನ್ನಡ ಬಿಟ್ಟರೆ ಬೇರೆ ಅಕ್ಷರ ಬರುವುದಿಲ್ಲ.

ಐಸಿಯು ಶುಶ್ರೂಷಕಿ
ಇದು ಬಹಳ ಕಡೆ ಇರುವ ಕೊರತೆ. ನಮ್ಮ ಜೊತೆ ಕೆಲಸ ಮಾಡುವವರಲ್ಲಿ ಬೇರೆ ರಾಜ್ಯದಿಂದ ಬಂದ ಹುಡುಗಿಯರೂ ಇದ್ದಾರೆ. ಪ್ರೀತಿಯಿಂದ ನೋಡಿಕೊಳ್ಳುತ್ತಾರೆ, ಆದರೆ ತುಟಿಯಲ್ಲಿ ಆಡುವ ಕನ್ನಡ ಅವರಿಗೆ ತಿಳಿಯುವುದಿಲ್ಲ. ನೀವೇ ಒಂದು ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆದುಕೊಂಡು ಹೋಗಿ: ನೋವು, ಬಾಯಾರಿಕೆ, ಕಫ, ಸೆಖೆ, ಚಳಿ, ಮಗ್ಗುಲು ತಿರುಗಿಸಿ, ಭಯ, ಮನೆಯವರು ಬೇಕು. ಪ್ರತಿ ಪದದ ಕೆಳಗೆ ಚಿಕ್ಕದಾಗಿ ಇಂಗ್ಲಿಷಿನಲ್ಲೂ ಬರೆದರೆ ಸಿಬ್ಬಂದಿಗೂ ಅರ್ಥವಾಗುತ್ತದೆ. ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಹೌದಾದರೆ ಒಮ್ಮೆ ಕಣ್ಣು ಮುಚ್ಚಲಿ. ಅವರ ಕನ್ನಡಕ ಹಾಕಿಸಿ. ಕಿವಿಗೆ ಯಂತ್ರ ಇದ್ದರೆ ಅದನ್ನೂ ತಪ್ಪದೆ ಹಾಕಿಸಿ. ಮಾತು ಬಾರದಿರುವುದು ಟ್ಯೂಬ್ ಧ್ವನಿತಂತುಗಳ ನಡುವೆ ಇರುವುದರಿಂದ, ತೆಗೆದ ಮೇಲೆ ಬರುತ್ತದೆ ಎಂದು ದಿನವೂ ಹೇಳಿ. ಎಷ್ಟೋ ಜನ ಮೂಕರಾದೆವೆಂದೇ ಹೆದರಿರುತ್ತಾರೆ.

ಸರಸ್ವತಿಪುರಂ
ತೆಗೆದ ಮೇಲೂ ನನ್ನ ಧ್ವನಿ ಮೂರು ವಾರ ಕಳೆದರೂ ಸರಿಹೋಗಲಿಲ್ಲ. ನಾನು ಸಂಗೀತ ಪಾಠ ಹೇಳುವವಳು, ಜೀವವೇ ಹೋದಂತಾಗಿತ್ತು. ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಕಿವಿ, ಮೂಗು, ಗಂಟಲು ವೈದ್ಯರೂ ಧ್ವನಿ ಚಿಕಿತ್ಸಕರೂ ಒಂದೇ ಕಡೆ ಸಿಗುತ್ತಾರೆ. ಕ್ಯಾಮೆರಾದಿಂದ ಧ್ವನಿತಂತು ನೋಡಿ, ಪಿಸುಗುಟ್ಟುವುದನ್ನು ಬಿಡಲು ಹೇಳಿ, ಅಭ್ಯಾಸಗಳನ್ನು ಕಲಿಸಿದರು. ಈಗ ಪಾಠ ಮತ್ತೆ ಶುರುವಾಗಿದೆ. ಇಂಥ ಸಂಸ್ಥೆ ನಮ್ಮ ಊರಲ್ಲೇ ಇರುವಾಗ ಯಾರೂ ಗೊಗ್ಗರು ಧ್ವನಿಯನ್ನು ಸಹಿಸಿಕೊಂಡು ಕೂರಬೇಡಿ.

ಒಂಟಿಕೊಪ್ಪಲು
ಟ್ಯೂಬ್ ತೆಗೆಯುವಾಗ ನೋವಾಗುತ್ತದೆಯೇ?

ಕಬ್ಬಿನಗದ್ದೆ, ಮಳವಳ್ಳಿ
ಒಂದು ಜೋರು ಕೆಮ್ಮು, ಗಂಟಲು ಉರಿ, ಆಮೇಲೆ ಸ್ವಂತ ಉಸಿರು. ಹಾಕಿದ ಮೇಲಿನ ಕಷ್ಟದ ಮುಂದೆ ಅದು ಏನೇನೂ ಅಲ್ಲ. ನೀರು ಕೇಳಿದರೆ ತಕ್ಷಣ ಕೊಡಲಿಲ್ಲ, ನುಂಗುವುದು ಸರಿಯಾಗಿದೆಯೇ ಎಂದು ನೋಡಿದ ಮೇಲೆ ಚಮಚದಲ್ಲಿ ಕೊಟ್ಟರು.

ಬಿಲ್ ಕಟ್ಟಿದವನು
ಒಂದು ಪ್ರಶ್ನೆ ಉಳಿದಿದೆ. ನನಗೆ ಇದು ಬೇಡವೇ ಬೇಡ ಎಂದು ಮೊದಲೇ ಬರೆದಿಡಬಹುದೇ?

ಪಾಂಡವಪುರ
ಬರೆದಿಡಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಬೇಕು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಇದನ್ನು ಜಾರಿಗೆ ತರುವ ಆದೇಶ ಹೊರಡಿಸಿದೆ. ನಿಮ್ಮ ಪರವಾಗಿ ನಿರ್ಧರಿಸುವವರ ಹೆಸರನ್ನೂ ಅದರಲ್ಲಿ ಬರೆಯಬೇಕು.

ಅರಿವಳಿಕೆ ವೈದ್ಯೆ
ಬರೆಯುವಾಗ "ಟ್ಯೂಬ್ ಬೇಡ" ಎಂದು ಒಂದೇ ಸಾಲಿನಲ್ಲಿ ಬರೆಯಬೇಡಿ. ಗುಣವಾಗುವ ಭರವಸೆಯೇ ಇಲ್ಲದ ಸ್ಥಿತಿಯಲ್ಲಿ ಬೇಡ ಎನ್ನುವುದು ಬೇರೆ, ನ್ಯುಮೋನಿಯಾಕ್ಕೋ ಹಾವು ಕಡಿತಕ್ಕೋ ಕೆಲವು ದಿನದ ಮಟ್ಟಿಗೆ ಬೇಕಾಗುವುದು ಬೇರೆ. ಮಳವಳ್ಳಿಯವರು ಇವತ್ತು ಇಲ್ಲಿ ಬರೆಯುತ್ತಿರುವುದು ಆ ಟ್ಯೂಬಿನಿಂದಲೇ. ನಿಮ್ಮ ಕುಟುಂಬದ ವೈದ್ಯರ ಜೊತೆ ಕುಳಿತು, ಮನೆಯವರನ್ನೂ ಕೂರಿಸಿಕೊಂಡು ಬರೆಯಿರಿ.

ಬಿಲ್ ಕಟ್ಟಿದವನು
ಸರಿ ಡಾಕ್ಟರೇ. ಮನೆಯವರ ಜೊತೆ ಮಾತನಾಡುತ್ತೇನೆ.